ಹುಲಿಗೆಮ್ಮನ ಬಲಗೈಯಾಗಿ ಜರ್ಮನಿಗೆ

ರಾಯಚೂರು, ಹೊರಡುವ ಮೊದಲು

ನನ್ನ ನಾದಿನಿ ಹುಲಿಗೆಮ್ಮ ಮಾನ್ವಿ ಬಸ್ ನಿಲ್ದಾಣದಲ್ಲಿ ಕಾಲು ಜಾರಿ ಬಲ ಮುಂಗೈ ಮುರಿದುಕೊಳ್ಳದೇ ಇದ್ದಿದ್ದರೆ ನಾನು ಜರ್ಮನಿ ನೋಡುತ್ತಿರಲಿಲ್ಲ. ಹೀಗೆ ಬರೆಯುವುದಕ್ಕೇ ಪಾಪ ಅನ್ನಿಸುತ್ತದೆ, ಆದರೆ ಆದದ್ದು ಹಾಗೆಯೇ. ತಲೆಗೆ ಪೆಟ್ಟಾಗಲಿಲ್ಲ, ಎಡಗೈ ಉಳಿಯಿತು, ಚೀಲದಲ್ಲಿದ್ದ ಪಾಸ್‌ಪೋರ್ಟ್ ಕೆಸರಿಗೆ ಬೀಳಲಿಲ್ಲ. ಮೂರು ಉಪಕಾರ. ದಿನದ ಉಪಕಾರಗಳನ್ನು ದೇವಿಯ ಮುಂದೆ ಬೆರಳು ಮಡಚಿ ಹೇಳುವುದು ನನ್ನ ರೂಢಿ. ಅವತ್ತು ಮೂರು ಸಿಕ್ಕಿದ್ದೇ ಹೆಚ್ಚು.

ಹುಲಿಗೆಮ್ಮ ನಮ್ಮ ಮನೆಯವರ ತಂಗಿ. ದೇವದುರ್ಗದಲ್ಲಿ ಹುಟ್ಟಿದವಳು. ನಮ್ಮ ಮಾವ ಹತ್ತಿ ಮಂಡಿಯಲ್ಲಿ ಹಮಾಲಿ ಮಾಡಿದವರು, ಅತ್ತೆ ಕಳೆ ತೆಗೆಯಲು ಕೂಲಿಗೆ ಹೋದವರು. ಮಗಳು ಮಾತ್ರ ಹತ್ತಿ ಅಂಡಿಗೆಯ ಮೇಲೆ ಕೂತು ಇದ್ದಿಲಿನಿಂದ ಲೆಕ್ಕ ಗೀಚುತ್ತಿದ್ದಳಂತೆ. ದೇವದುರ್ಗದ ಶಾಲೆ, ಮಾನ್ವಿಯ ಕಾಲೇಜು, ಕಲಬುರಗಿಯಲ್ಲಿ ಎಂಎಸ್ಸಿ, ಹೈದರಾಬಾದಿನಲ್ಲಿ ಪಿಎಚ್‌ಡಿ ಮುಗಿಸಿ ತಿರುಗಿ ಮಾನ್ವಿಗೇ ಬಂದು ಮೇಡಂ ಆದಳು. ಮದುವೆ ಬೇಡವೆಂದಳು. ರಾಯಚೂರಿನಲ್ಲಿ ನಮ್ಮ ಜೊತೆಗೇ ಇದ್ದಾಳೆ.

ಅವಳ ವಿಷಯದ ಹೆಸರು ಆಪರೇಟರ್ ಆಲ್ಜೀಬ್ರಾ. ಇಪ್ಪತ್ತು ವರ್ಷ ಒಂದೇ ಒಲೆಯ ಊಟ ಉಂಡರೂ ಅದೇನೆಂದು ನಾನು ಕೇಳಿರಲಿಲ್ಲ. ನಾನು ಹತ್ತನೇ ತರಗತಿಯವಳು. ರಾಯಚೂರು–ಮಾನ್ವಿ ಬಸ್ಸೇ ಅವಳ ಸಂಶೋಧನೆಯ ಕೋಣೆ ಎಂಬುದಷ್ಟೇ ಗೊತ್ತಿತ್ತು. ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ನೀಲಿ ರಟ್ಟಿನ ಪುಸ್ತಕ ಇಟ್ಟುಕೊಂಡು ಒಂದೇ ಪ್ರಶ್ನೆಯ ಹಿಂದೆ ಒಂಬತ್ತು ವರ್ಷ ಬಿದ್ದಿದ್ದಳು. ಒಮ್ಮೆ ನಾನು ಜೊತೆಗಿದ್ದಾಗ ಕಂಡಕ್ಟರ್ ಕೇಳಿಯೇಬಿಟ್ಟ.

"ಮೇಡಮ್ಮಾರ, ಇನ್ನಾ ಅದ ಲೆಕ್ಕ ಏನ್ರೀ? ನೀವು ಶುರು ಮಾಡಿದಾಗ ಒಂದನೇ ಕ್ಲಾಸಿನ್ಯಾಗಿದ್ದ ನನ್ನ ಮಗಳು ಈಗ ಹತ್ತನೇ ಕ್ಲಾಸು."

"ಹತ್ತನೇದು ಪಾಸಾಗಲಿ, ಅಕಿನ್ನ ಕಳಸ್ರಿ. ಇಬ್ಬರೂ ಕೂಡಿ ಮುಗಿಸ್ತೀವಿ" ಎಂದಳು ಇವಳು, ತಲೆ ಎತ್ತದೆ.

ಆ ಪ್ರಶ್ನೆ ಬಿಡಿಸಿಕೊಂಡ ದಿನ ಅವಳಿಗೆ ಮಾನ್ವಿ ದಾಟಿದ್ದೇ ತಿಳಿಯಲಿಲ್ಲ. ಬಸ್ಸು ಕವಿತಾಳಕ್ಕೆ ಹೋಗಿ ನಿಂತಾಗ ಇಳಿದು, ಚಹಾ ಅಂಗಡಿಯ ಬೆಂಚಿನ ಮೇಲೆ ಕೊನೆಯ ಪುಟ ಬರೆದು, ನಮಗೆ ಫೋನ್ ಮಾಡಿ ಅತ್ತಳು. ಅದರ ಮೇಲೆಯೇ ಜರ್ಮನಿಯಿಂದ ಕರೆ ಬಂದದ್ದು. ಅಲ್ಲಿ ಕಾಡಿನ ನಡುವೆ ಗಣಿತದವರಿಗೆಂದೇ ಒಂದು ಮನೆ ಇದೆಯಂತೆ. ವಾರಕ್ಕೊಂದು ವಿಷಯದವರನ್ನು ಕರೆಸಿ ಕೂರಿಸುತ್ತಾರೆ. ಐವತ್ತೆರಡರ ವಯಸ್ಸಿನಲ್ಲಿ ಅವಳಿಗೆ ಹೊರದೇಶದಿಂದ ಬಂದ ಮೊದಲ ಕರೆ ಅದು. ಗುರುವಾರ ಅವಳ ಭಾಷಣ.

ಹೊರಡಲು ತಿಂಗಳಿರುವಾಗ ಕೈ ಮುರಿಯಿತು. ಜಡೆ ಹಾಕಿಕೊಳ್ಳಲಾಗದು, ಸೀರೆ ಉಡಲಾಗದು, ಬರೆಯಲಂತೂ ಆಗದು. ಸಹಾಯಕ್ಕೆ ಒಬ್ಬರನ್ನು ಕರೆತರಲು ಅವರು ಒಪ್ಪಿದರು. ಹಾಗೆ ನಾನು ಅವಳ ಬಲಗೈಯಾದೆ. ಬಸ್ಸಿನ ಕುಲುಕಿಗೆ ಕಾಗೆ ಕಾಲಿನಂತಾಗಿದ್ದ ಅವಳ ಹಳೆಯ ಬರಹವನ್ನೆಲ್ಲ ಒಂದು ಹೊಸ ದೊಡ್ಡ ಪುಸ್ತಕಕ್ಕೆ ಅಂದವಾಗಿ ಇಳಿಸಿಕೊಟ್ಟೆ. ಇಪ್ಪತ್ತು ದಿನ ಹಿಡಿಯಿತು. ನನ್ನ ಅಡುಗೆಮನೆಯ ಡಬ್ಬಿಗಳಂತೆ ಸಾಲು ತಪ್ಪದ ಅಕ್ಷರ. ನೋಡಿದವರೆಲ್ಲ ಹೊಗಳಿದರು.

ಭಾನುವಾರ, ಕಾಡಿನ ಮನೆ

ವಿಮಾನದಲ್ಲಿ ಭಯವಾಗಲಿಲ್ಲ. ನಮ್ಮೂರಿನ ರಸ್ತೆಗಿಂತ ಕುಲುಕು ಕಡಿಮೆ. ರೈಲು ನಾಲ್ಕು ನಿಮಿಷ ತಡವಾದದ್ದಕ್ಕೆ ಅಲ್ಲಿನ ಜನ ಸಿಡಿಮಿಡಿಗೊಂಡು ಗೊಣಗುವುದನ್ನು ಕಂಡೆ. ನಮ್ಮಲ್ಲಿ ನಾಲ್ಕು ನಿಮಿಷಕ್ಕೆ ಕಡಲೆಕಾಯಿಯ ಸಿಪ್ಪೆ ಕೂಡ ಪೂರಾ ಬಿಡಿಸಿರುವುದಿಲ್ಲ.

ಎಲ್ಲೆಲ್ಲೂ ಹಸಿರು. ನಮ್ಮ ಕಡೆಯ ಎರೆಮಣ್ಣು, ಬಿಸಿಲು, ಹತ್ತಿ ಗಿಡದ ನಡುವೆ ಬೆಳೆದ ಕಣ್ಣು, ಸ್ವಲ್ಪ ಹೊತ್ತಿಗೇ ದಣಿಯಿತು. ಬಾಗಿಲುಗಳಿಗೆ ಬೀಗ ಇಲ್ಲ. ಕಾಫಿಯನ್ನು ಯಾರೂ ಕೊಡುವುದಿಲ್ಲ, ಬೇಕಾದವರು ಮಾಡಿಕೊಳ್ಳುತ್ತಾರೆ. ಗೋಡೆಗೊಂದು ಕರಿಹಲಗೆ, ಊಟದ ಕೋಣೆಯ ಹೊರಗೆ, ಮೆಟ್ಟಿಲ ಕೆಳಗೆ ಕೂಡ. ಬಚ್ಚಲಲ್ಲಿ ಮಾತ್ರ ಇರಲಿಲ್ಲ.

ಸಂಜೆ ಸ್ನಾನ ಮಾಡಿ, ಕಿಟಕಿಯ ಕಟ್ಟೆಯ ಮೇಲೆ ದೇವಿಯ ಫೋಟೋ ಇಟ್ಟು, ಭಂಡಾರದ ಅರಿಶಿನ ಹಚ್ಚಿ ಒಂದೇ ಒಂದು ಕರ್ಪೂರ ಹೊತ್ತಿಸಿದೆ. ಮೇಲಿನಿಂದ ಏನೋ ಕಿರುಚಿಕೊಂಡಿತು. ಹೊಗೆ ಕಂಡರೆ ಕೂಗುವ ಗಂಟೆಯಂತೆ ಅದು; ಇಡೀ ಮನೆ ಕಿರುಚಿತು. ಎರಡೇ ನಿಮಿಷದಲ್ಲಿ ಐವತ್ತು ಜನ ಪಂಡಿತರು ತುಂತುರು ಮಳೆಯಲ್ಲಿ ಅಂಗಳದಲ್ಲಿದ್ದರು. ನಾನು ಅವಮಾನದಿಂದ ಸೆರಗು ಬಾಯಿಗೆ ಒತ್ತಿಕೊಂಡೆ. ಆದರೆ ಬೈದವರು ಯಾರೂ ಇಲ್ಲ. ಅರ್ಧ ಜನ ಕೈಯಲ್ಲಿ ಕಾಗದ ಹಿಡಿದೇ ಓಡಿ ಬಂದಿದ್ದರು. ಅಲ್ಲೇ ಒಬ್ಬರ ಬೆನ್ನ ಮೇಲೆ ಒಬ್ಬರು ಕಾಗದ ಇಟ್ಟು ಬರೆಯತೊಡಗಿದರು. ಬೆಂಕಿ ಇಲ್ಲ, ಒಳಗೆ ಬನ್ನಿ ಎಂದು ಎರಡು ಸಲ ಕರೆದ ಮೇಲೆ ಒಳಗೆ ಹೋದರು.

"ವೈನಿ, ಬಂದ ದಿನಾನ ಎಲ್ಲಾರಿಗೂ ನಮ್ಮ ಪರಿಚಯ ಆತು ನೋಡು" ಎಂದು ನಕ್ಕಳು ಹುಲಿಗೆಮ್ಮ. ಅತ್ತಿಗೆಯಾದ ನನ್ನನ್ನು ಅವಳು ಕರೆಯುವುದು ವೈನಿ ಎಂದೇ.

ಸೋಮವಾರ, ಊಟದ ಮೇಜು

ಇಲ್ಲಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು, ಬಹಳ ಕಾಡಿಸಿತು ಕೂಡ. ಬಾಯಿ ಒರೆಸುವ ಬಟ್ಟೆಗೆ ಒಬ್ಬೊಬ್ಬರ ಹೆಸರು ಬರೆದ ಚೀಲವಿರುತ್ತದೆ. ಊಟ ಊಟಕ್ಕೂ ಅದನ್ನು ಬೇರೆ ಬೇರೆ ಮೇಜಿನ ಮೇಲೆ ಇಡುತ್ತಾರೆ. ನಿಮ್ಮ ಚೀಲ ಎಲ್ಲಿಯೋ ನೀವು ಅಲ್ಲಿ. ನಮ್ಮ ಕಡೆ ಮದುವೆಯಲ್ಲಿ ಹೀಗೆ ಮಾಡಿದರೆ ಬೀಗರು ಎದ್ದು ಹೋದಾರು. ಇಲ್ಲಿ ದೊಡ್ಡ ಹೆಸರಿನವರೂ ಹುಡುಗರೂ ಪಕ್ಕ ಪಕ್ಕ ಕೂರಲಿ ಎಂದೇ ಈ ಏರ್ಪಾಡಂತೆ.

ನನ್ನ ಚಿಂತೆ ಹುಲಿಗೆಮ್ಮನದು. ಆಲೂಗಡ್ಡೆಯನ್ನು ಎಡಗೈಯಲ್ಲಿ ಹೇಗೆ ಕತ್ತರಿಸುತ್ತಾಳೆ? ರಾತ್ರಿಯ ಊಟಕ್ಕೆ ಮುಂಚೆ ಯಾರೂ ಇಲ್ಲದಾಗ ಹೋಗಿ ನನ್ನ ಚೀಲವನ್ನು ಅವಳ ಚೀಲದ ಪಕ್ಕಕ್ಕೆ ತಂದಿಟ್ಟೆ. ಕೈ ಅಲ್ಲಿಗೇ ನಿಲ್ಲಲಿಲ್ಲ. ಚೀಲಗಳೆಲ್ಲ ಅಡ್ಡಾದಿಡ್ಡಿ ಕಂಡವು; ಹೆಂಗಸರದ್ದು ಒಂದು ಕಡೆ, ಗಂಡಸರದ್ದು ಒಂದು ಕಡೆ ಮಾಡಿ ನೇರ ಇಟ್ಟೆ. ಬಾಗಿಲಲ್ಲಿ ಬಿಳಿಕೂದಲಿನ ಇಂಗ್ರಿಡ್ ನಿಂತು ನೋಡುತ್ತಿದ್ದರು. ಆ ವಾರದ ಸಭೆಗೆ ಅವರೇ ಹಿರಿಯರು. ಒಳಗೆ ಬಂದು ಒಂದೊಂದೇ ಚೀಲ ಎತ್ತಿ ಮತ್ತೆ ಕಲಸಿಟ್ಟರು. ಆಮೇಲೆ ನನ್ನ ಗಲ್ಲ ಮುಟ್ಟಿ ನಕ್ಕರು.

ಅಂದು ಹುಲಿಗೆಮ್ಮನ ಆಲೂಗಡ್ಡೆಯನ್ನು ಪೋಲೆಂಡಿನ ಒಬ್ಬ ದೈತ್ಯನಂಥ ಮನುಷ್ಯ ಕತ್ತರಿಸಿಕೊಟ್ಟ. ಯಾನೆಕ್ ಅಂತ ಹೆಸರು. ಒಂದೇ ಅಳತೆಯ ತುಂಡುಗಳು. ನಾನೇ ಕತ್ತರಿಸಿದ್ದರೂ ಅಷ್ಟು ಚೆಂದ ಬರುತ್ತಿರಲಿಲ್ಲ. ಆದರೆ ಅವಳು ತಿನ್ನಲಿಲ್ಲ. ನಾನು ದೂರದ ಮೇಜಿನಿಂದ ನೋಡುತ್ತಲೇ ಇದ್ದೆ.

ಮಂಗಳವಾರ, ಕೋಣೆಯೊಳಗೆ

ಬೆಳಿಗ್ಗೆಯೂ ತಿನ್ನಲಿಲ್ಲ. ನಾನು ಬರೆದುಕೊಟ್ಟ ದೊಡ್ಡ ಪುಸ್ತಕ ಮಂಚದ ಮೇಲೆ ತೆರೆದು ಕೂತಿದ್ದಳು.

"ಏನಾತು ಬೇ?"

"ಹೊಂದವಲ್ದು ವೈನಿ."

"ಅನ್ನ ಇಲ್ಲ ಇಲ್ಲಿ, ಅದಕ್ಕ."

"ಊಟ ಅಲ್ಲ. ಲೆಕ್ಕ. ಈ ಗೆರಿಯಿಂದ ಮುಂದಿನ ಗೆರಿ ಬರಂಗಿಲ್ಲ. ಇದನ್ನ ನಾನ ಬರದೀನೇನು? ಒಂಬತ್ತು ವರ್ಷ ನಾನು ಇಂಥಾದ್ದರ ಮ್ಯಾಲ ಕಟಗೊಂತ ಬಂದೀನೇನು?"

ನಾನು ಬಗ್ಗಿ ನೋಡಿದೆ. ಅವಳ ಬೆರಳು ಎರಡು ಇಂಗ್ಲಿಷ್ ಅಕ್ಷರಗಳ ಮೇಲಿತ್ತು. ಮೊದಲು ಯು, ಪಕ್ಕಕ್ಕೆ ವಿ.

"ಇಲ್ಲಿ ವಿ ಮೊದಲ ಇರಬೇಕಿತ್ತು. ನಾ ಯಾಕ ಹಿಂಗ ಬರದೆ?"

ಹಳೆಯ ಪುಸ್ತಕದಲ್ಲಿ ವಿ ಮೊದಲೇ ಇತ್ತು. ನನಗೆ ನೆನಪಿದೆ. ಕೆಲವು ಕಡೆ ಅಕ್ಷರಗಳು ಹಿಂದುಮುಂದಾಗಿವೆ, ಪಾಪ, ಬಸ್ಸಿನಲ್ಲಿ ಅವಸರದಿಂದ ಬರೆದಿದ್ದಾಳೆ ಎಂದುಕೊಂಡು ಎ ಮೊದಲು ಬಿ ಆಮೇಲೆ, ಯು ಮೊದಲು ವಿ ಆಮೇಲೆ ಎಂದು ಶಾಲೆಯಲ್ಲಿ ಕಲಿತ ಕ್ರಮಕ್ಕೆ ಸರಿ ಮಾಡಿ ಬರೆದಿದ್ದೆ. ಗುಣಾಕಾರ ತಾನೆ? ಮೂರು ನಾಲ್ಕಲಿ ಅಂದರೂ ಹನ್ನೆರಡು, ನಾಲ್ಕು ಮೂರಲಿ ಅಂದರೂ ಹನ್ನೆರಡು. ಅವಳಿಗೆ ಹೇಳಬೇಕೆಂದೂ ತೋರಿರಲಿಲ್ಲ.

"ಹುಲಿಗಿ, ಅದು ನೀ ಬರದದ್ದಲ್ಲ. ನಾ ಚೆಂದ ಮಾಡೀನಿ" ಎಂದೆ.

"ಚೆಂದ ಅಂದ್ರ?"

ಹೇಳಿದೆ. ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು.

"ವೈನಿ, ಜಳಕ ಮಾಡಿ ಸೀರಿ ಉಡೋದು, ಸೀರಿ ಉಟಗೊಂಡು ಜಳಕ ಮಾಡೋದು, ಎರಡೂ ಒಂದ ಏನು?"

"ಅಯ್ಯ, ಹೆಂಗಾಗ್ತದ?"

"ನನ್ನ ವಿಷಯ ಅಂದ್ರ ಅಷ್ಟ. ಇವು ಅಂಕಿ ಅಲ್ಲ, ಕೆಲಸ. ಒಂದು ಕೆಲಸ ಮಾಡಿ ಇನ್ನೊಂದು ಮಾಡೋದು. ಯಾವುದು ಮೊದಲು ಅನ್ನೋದರಾಗ ಎಲ್ಲಾ ಅದ. ನೀನು ನನ್ನ ಒಂಬತ್ತು ವರ್ಷಕ್ಕ ಸೀರಿ ಉಡಿಸಿ ಜಳಕ ಮಾಡಿಸಿಬಿಟ್ಟಿ!"

ಹೇಳಿ ನಕ್ಕಳು, ನಗುತ್ತ ಅತ್ತಳು. ನಾನು ಬರೀ ಅತ್ತೆ. ಆಪರೇಟರ್ ಆಲ್ಜೀಬ್ರಾ ಏನೆಂದು ಇಪ್ಪತ್ತು ವರ್ಷಕ್ಕೆ ನನಗೆ ತಿಳಿದದ್ದು ಹೀಗೆ.

ಎಲ್ಲೆಲ್ಲಿ ತಿರುಗಿಸಿದ್ದೇನೋ ನನಗೆ ನೆನಪಿರಲಿಲ್ಲ. ಮನೆಗೆ ಫೋನ್ ಮಾಡಿದೆ. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಧ್ಯಾಹ್ನದ ಡ್ಯೂಟಿಗೆ ಹೊರಟಿದ್ದರು.

"ಟ್ರಂಕಿನ್ಯಾಗ ನೀಲಿ ರಟ್ಟಿನ ಪುಸ್ತಕ ಅದ, ಫೋಟೋ ಹೊಡದು ಕಳಸ್ರಿ."

"ನೀಲಿ ರಟ್ಟಿನವು ಹನ್ನೊಂದು ಅದಾವ ಲೇ. ಯಾವುದಂತ ಹೊಡೀಲಿ?"

"ಹನ್ನೊಂದೂ ಹೊಡೀರಿ."

"ತಲಿ ಕೆಟ್ಟದೇನು? ನಾ ಡ್ಯೂಟಿಗೆ ಹೋಗೋದು ಬ್ಯಾಡೇನು?"

"ನಿಮ್ಮ ತಂಗಿ ನಿನ್ನಿಯಿಂದ ಉಂಡಿಲ್ಲ."

"ಹೊಡೀತೀನಿ" ಎಂದು ಇಟ್ಟರು.

ಫೋಟೋಗಳು ಬರತೊಡಗಿದವು. ಪ್ರತಿಯೊಂದರ ಮೂಲೆಯಲ್ಲೂ ಅವರ ಗ್ರೀಸು ಹತ್ತಿದ ಹೆಬ್ಬೆರಳು, ಹಿಂದೆ ನಮ್ಮ ಗ್ಯಾಸ್ ಸಿಲಿಂಡರು. ಒಂದೊಂದು ಪುಟ ನೋಡಿ ಹುಲಿಗೆಮ್ಮ ಹೇಳಿದಳು, ನಾನು ಕೆಂಪು ಶಾಯಿಯಲ್ಲಿ ತಿದ್ದಿದೆ. ಹದಿನಾಲ್ಕು ಕಡೆ ನಾನು ಚೆಂದ ಮಾಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕೂ ಮೊದಲಿನಂತಾದವು. ಲೆಕ್ಕ ಗೆರೆಯಿಂದ ಗೆರೆಗೆ ಹರಿಯಿತು. ನಾನು ಊರಿನಿಂದ ತಂದಿದ್ದ ರೊಟ್ಟಿಗೆ ಗುರೆಳ್ಳಿನ ಪುಡಿ ಹಚ್ಚಿಕೊಟ್ಟೆ, ಎರಡು ತಿಂದಳು. ಆ ದಿನದ ಉಪಕಾರ ಎಣಿಸಲು ಎರಡೂ ಕೈಬೆರಳು ಬೇಕಾದವು.

ಬುಧವಾರ, ಗುಡ್ಡದ ದಾರಿ

ಬುಧವಾರ ಮಧ್ಯಾಹ್ನ ಇಲ್ಲಿ ಭಾಷಣ ಇಡುವುದಿಲ್ಲ. ಎಲ್ಲರೂ ಗುಡ್ಡ ಹತ್ತಿ, ಆ ಕಡೆಯ ಹೋಟೆಲಿನಲ್ಲಿ ಕೇಕ್ ತಿಂದು ಬರುವುದು ರೂಢಿ. ಹರಕೆ ಇಲ್ಲ, ದೇವರಿಲ್ಲ, ಕೇಕಿಗಾಗಿ ಗುಡ್ಡ ಹತ್ತುತ್ತಾರೆ. ಹತ್ತುವಾಗಲೂ ಮಾತೆಲ್ಲ ಲೆಕ್ಕದ್ದೇ. ಯಾನೆಕ್ ಒಂದು ಮರದ ಮುಂದೆ ನಿಂತವನು ನಾವು ತಿರುಗಿ ಬರುವಾಗಲೂ ಅಲ್ಲೇ ನಿಂತಿದ್ದ.

ಹುಲಿಗೆಮ್ಮ ಹಿಂದೆ ಉಳಿದಳು. ನಾನೂ ಉಳಿದೆ.

"ಇನ್ನೊಂದು ಅದ ವೈನಿ" ಎಂದಳು.

"ನಾನು ಮಾಡಿದ್ದೇನು?"

"ನೀ ಮಾಡಿದ್ದಾಗಿದ್ರ ಚೊಲೋ ಇತ್ತು." ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಚಹಾದ ಕಲೆ ಬಿದ್ದ ಪುಟ. "ಕವಿತಾಳದ ಪುಟ ಇದು. ನಿಂದೆಲ್ಲಾ ತಿದ್ದಕೊಂತ ಬಂದು ಇಲ್ಲಿ ಕಣ್ಣಿಗೆ ಬಿತ್ತು. ಇಲ್ಲಿ ಎರಡು ಅಕ್ಷರ ತಿರುವಿ ಹಾಕೀನಿ. ನಾನ. ತಿರುವಲಿಕ್ಕೆ ಬರ್ತದ ಅನ್ನಲಿಕ್ಕೆ ಯಾವ ಆಧಾರನೂ ಇಲ್ಲ. ನೀ ಚೆಂದಕ್ಕ ತಿರುವಿದಿ, ನಾ ಆಸಿಗೆ ತಿರುವೀನಿ."

"ಹಂಗಾದ್ರ ಎಲ್ಲಾ ಹೋತೇನು?"

"ಎಲ್ಲಾ ಹೋಗಿಲ್ಲ. ತಿರುವಿದ್ರೂ ಒಂದ ಇರೋ ಕಡೆ ನನ್ನ ಮಾತು ಖರೆ. ಉಳಿದ ಕಡೆ ಗೊತ್ತಿಲ್ಲ. ಆದ್ರ ಇವರು ಕರದದ್ದು ಪೂರಾ ಉತ್ತರ ಸಿಕ್ಕದ ಅಂತ."

ಫೋನು ಚೀಲಕ್ಕೆ ಹಾಕಿ ಅವಳು ಮುಂದೆ ನಡೆದಳು.

"ಒಂದ ಗೆರಿ" ಎಂದಳು. "ನಾಳೆ ಜೋರ್ ಜೋರ್ ಹೇಳ್ಕೊಂತ ಹೋದ್ರ ದಾಟಿ ಹೋಗ್ತದ. ಯಾರಿಗೂ ಕಾಣಂಗಿಲ್ಲ. ಊರಿಗೆ ಹೋಗಿ ಸರಿ ಮಾಡ್ಕೋಬಹುದು."

ನನಗೆ ಬುದ್ಧಿ ಹೇಳುವ ಹುಮ್ಮಸ್ಸು ಬಂತು. "ದೇವಿಗೆ ಎಡಿ ಹಿಡಿಯುವಾಗ ನಾನು ಹರದ ಹೋಳಿಗಿ ಕೆಳಗ ಇಟ್ಟು, ಚೊಲೋದು ಮ್ಯಾಲ ಇಡ್ತೀನೇನು?"

"ಇಡ್ತಿ. ನಾ ಕಣ್ಣಾರೆ ನೋಡೀನಿ."

ಇಡುತ್ತೇನೆ, ನಿಜ. ಸುಳ್ಳು ಹೇಳಿ ಏನು ಮಾಡಲಿ.

"ದೇವಿ ಏನರ ಅಂದಾಳೇನು ನಿನಗ?" ಎಂದು ಕೇಳಿದಳು ಅವಳು, ನಗುತ್ತ.

"ಅಂದಿಲ್ಲ. ಆದ್ರ ಇಟ್ಟಾಗೆಲ್ಲಾ ಅಕಿ ಮುಖ ನೋಡಲಾರದ ಬಂದೀನಿ."

ಅವಳ ನಗು ನಿಂತಿತು. ಆಮೇಲೆ ಆ ಮಾತು ಇಬ್ಬರೂ ಎತ್ತಲಿಲ್ಲ. ಕೇಕ್ ಕರ್ರಗೆ, ಭಾರವಾಗಿತ್ತು, ಒಳಗೆ ಹುಳಿ ಹಣ್ಣು. ಹುಲಿಗೆಮ್ಮ ಅರ್ಧ ತಿಂದು ಬಿಟ್ಟಳು. ಉಳಿದರ್ಧ ನಾನು ತಿಂದೆ.

ಗುರುವಾರ, ಕರಿಹಲಗೆಯ ಮುಂದೆ

ಅಲ್ಲಿಯವರೆಗೆ ನಾನು ಒಂದು ಭಾಷಣಕ್ಕೂ ಒಳಗೆ ಹೋಗಿರಲಿಲ್ಲ. ಅಂದು ಹೋಗಲೇಬೇಕಿತ್ತು. ಹೇಳುವವಳು ಅವಳು, ಬರೆಯುವವಳು ನಾನು. ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಅಲ್ಲಿನ ಸೀಮೆಸುಣ್ಣ ಹೆಬ್ಬೆರಳಿನಷ್ಟು ದಪ್ಪ. ಹಿಡಿದರೆ ಕೈಗೆ ಧೈರ್ಯ ಬರುತ್ತದೆ.

ಅವಳು ಜನರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡುವಳು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುವಳು. "ವೈನಿ, ದೊಡ್ಡ ವಿ ಬರಿ. ತಲಿ ಮ್ಯಾಲ ನಕ್ಷತ್ರದ ಚಿಕ್ಕಿ ಹಾಕು. ಅದರ ಬಲಕ್ಕ ಯು. ಬಲಕ್ಕ ಅಂದೆ." ಮುಂದಿನ ಸಾಲಿನವರು ಕನ್ನಡ ಕೇಳಿ ಹುಬ್ಬೇರಿಸಿದರು. ಆಮೇಲೆ ಒಗ್ಗಿಕೊಂಡರು. ನಾನು ಬರೆಯುವ ಮುಂಚೆ ಅವಳ ಬಾಯಿ ನೋಡಿದೆ, ಬರೆದ ಮೇಲೆ ಮತ್ತೊಮ್ಮೆ ನೋಡಿದೆ. ಚೆಂದದ ಗೊಡವೆಗೆ ಹೋಗಲಿಲ್ಲ.

ಮೂರು ಹಲಗೆ ತುಂಬಿದವು. ನಾಲ್ಕನೆಯದರ ನಡುವೆ ಅವಳು ನಿಂತಳು. ಹಿಂದಿನ ಗೆರೆ ನನಗೆ ಗುರುತಿತ್ತು. ಮುಂದೆ ಬರಬೇಕಾದದ್ದು ಕವಿತಾಳದ ಗೆರೆ. ಸೀಮೆಸುಣ್ಣ ಎತ್ತಿ ಕಾದೆ. ಅವಳು ನೀರು ಕುಡಿದಳು.

"ವೈನಿ, ಇಲ್ಲಿ ಒಂದು ಮೊಳ ಖಾಲಿ ಬಿಡು" ಎಂದಳು.

ಬಿಟ್ಟೆ. ಅವಳು ಜನರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಿಧಾನವಾಗಿ, ಎಡಗೈಯಿಂದ ಆ ಖಾಲಿ ಜಾಗ ತೋರಿಸುತ್ತ. ನನಗೆ ತಿಳಿದದ್ದು ನಾಲ್ಕೇ ಮಾತು: ಐ ವಾಸ್ ರಾಂಗ್, ಹಿಯರ್. ಮುಂದಿನ ಸಾಲಿನಲ್ಲಿ ಇಂಗ್ರಿಡ್ ಕನ್ನಡಕ ತೆಗೆದರು. ಯಾನೆಕ್ ಗಲ್ಲಕ್ಕೆ ಕೈ ಕೊಟ್ಟ. ಯಾರೂ ಅಲುಗಾಡಲಿಲ್ಲ. ಉಳಿದದ್ದನ್ನು, ಅವಳು ಹೇಳಿದಂತೆ, ಖಾಲಿ ಜಾಗದ ಕೆಳಗೆ ಬರೆದೆ. ಮೊದಲು ಅಂದುಕೊಂಡದ್ದಕ್ಕಿಂತ ಚಿಕ್ಕ ಮಾತು, ಆದರೆ ಖರೆ ಮಾತು. ಅವಳು ಥ್ಯಾಂಕ್ಯೂ ಅಂದಳು.

ಆಗ ಸದ್ದು ಶುರುವಾಯಿತು. ಐವತ್ತು ಜನ ಮುಷ್ಟಿ ಕಟ್ಟಿ ತಮ್ಮ ತಮ್ಮ ಮೇಜು ಬಡಿಯುತ್ತಿದ್ದರು. ಧಡ ಧಡ ಧಡ. ಸಿಟ್ಟಿಗೆದ್ದರು ಎಂದುಕೊಂಡೆ. ಇಷ್ಟು ದೂರ ಕರೆಸಿ, ಉಣ್ಣಿಸಿ, ಅರ್ಧ ಉತ್ತರ ಸಿಕ್ಕರೆ ಯಾರಿಗೆ ಸಿಟ್ಟು ಬರುವುದಿಲ್ಲ? ಯೋಚಿಸದೆ ಡಸ್ಟರ್ ಹಿಡಿದುಕೊಂಡೇ ಹೋಗಿ ಅವಳ ಮುಂದೆ ನಿಂತೆ.

"ಏನ್ ಮಾಡಾಕತ್ತಿ ವೈನಿ?"

"ಬಡಿದ್ರ ನನಗ ಬಡೀಲಿ."

"ಇದು ಚಪ್ಪಾಳಿ ವೈನಿ. ಇವರು ಹಿಂಗ ಬಡೀತಾರ." ಅವಳು ನನ್ನ ಕೈಯಿಂದ ಡಸ್ಟರ್ ತೆಗೆದುಕೊಂಡಳು. "ಜಾಸ್ತಿನ ಬಡ್ಯಾಕತ್ತಾರ."

ಸರಿದು ನಿಂತೆ. ಇಂಗ್ರಿಡ್ ಎದ್ದು ಬಂದರು. ಹಲಗೆಯ ಖಾಲಿ ಮೊಳದ ಮೇಲೆ ಕೈ ಇಟ್ಟು ಹುಲಿಗೆಮ್ಮನಿಗೆ ಏನೋ ಹೇಳಿದರು. ಆಮೇಲೆ ಅವಳು ನನಗೆ ತಿಳಿಸಿದಳು: ನಿಮ್ಮ ಬರಹವನ್ನು ನಾನೂ ಮೂರು ಸಲ ಓದಿದ್ದೆ, ಆಸೆಯಿಂದ ಓದಿದ್ದೆ, ಅದಕ್ಕೇ ಕಾಣಲಿಲ್ಲ ಎಂದರಂತೆ. ಅಷ್ಟರಲ್ಲಿ ಯಾನೆಕ್ ಬಂದ, ಮತ್ತಿಬ್ಬರು ಬಂದರು. ಊಟದ ಗಂಟೆ ಬಾರಿಸಿತು. ಹೋದವರು ಅರ್ಧ ಜನ. ಉಳಿದವರು ಆ ಖಾಲಿ ಜಾಗದ ಸುತ್ತ ನೊಣದಂತೆ ಮುತ್ತಿಕೊಂಡು ಜಗಳಕ್ಕೆ ಬಿದ್ದರು. ನಡುವೆ ಹುಲಿಗೆಮ್ಮ ಎಡಗೈ ಬೀಸಿ ಬೀಸಿ ಎಲ್ಲರಿಗೂ ಇಲ್ಲ ಇಲ್ಲ ಅನ್ನುತ್ತಿದ್ದಳು. ಯಾರೋ ಅವಳ ಕೈಗೆ ಬ್ರೆಡ್ಡಿನ ತುಂಡು ಕೊಟ್ಟರು. ಮಾತಿನ ಭರದಲ್ಲಿ ತಿಂದಳು, ಇನ್ನೊಂದು ಕೇಳಿದಳು.

ನನ್ನ ಫೋನು ಗುಂಯ್‌ಗುಟ್ಟಿತು. ನಮ್ಮ ಮನೆಯವರು. ಹಿಂದೆ ಡಿಪೋದ ಸುತ್ತಿಗೆಯ ಸಪ್ಪಳ.

"ಏನಾತು? ಪಾಸೇನು?"

"ಅರ್ಧ ಪಾಸು."

"ಅರ್ಧ ಪಾಸು ಅಂದ್ರ ಫೇಲ್ ಅಲ್ಲೇನು ಲೇ?"

"ಇಲ್ಲಿ ಹಂಗಿಲ್ಲ."

"ಮತ್ತ ಹೆಂಗದ? ಹುಲಿಗಿ ಅಳಾಕತ್ತಾಳೇನು? ಅಕಿಗೆ ಕೊಡು ಫೋನು."

"ಅಕಿ ಜಗಳಾಡಾಕತ್ತಾಳ್ರಿ. ನಾಕು ಮಂದಿ ಕೂಡ. ಈಗ ಸಿಗಂಗಿಲ್ಲ."

ಅವರು ಇನ್ನೂ ಏನೋ ಕೇಳುತ್ತಿದ್ದರು. ಅಷ್ಟರಲ್ಲಿ ಗುಂಪಿನೊಳಗಿಂದ ಹುಲಿಗೆಮ್ಮ ಕೂಗಿದಳು, "ವೈನೀ, ಬಾ ಲಗೂನ, ಬರಿ ಬಾ!" ಯಾನೆಕ್ ಆಗಲೇ ಒಂದು ಹೊಸ ಹಲಗೆ ಒರೆಸಿ ಸ್ವಚ್ಛ ಮಾಡಿದ್ದ.

"ಇಡ್ತೀನ್ರಿ" ಎಂದೆ ಫೋನಿನಲ್ಲಿ. "ನನಗ ಕೆಲಸ ಅದ."